ನೂಲು ಹಿಡಿದ ಮುಖ

"ಒಂದು ಕತೆಯನ್ನು ಎಷ್ಟು ಸಲ ತಿದ್ದಿದರೆ ಸಾಕು, ಗುರುಗಳೇ?"

ಕೇಳಿದವಳು ಇಂದುಮತಿ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸುವ ಗಡುವು ಹತ್ತಿರ ಬಂದಿತ್ತು. ಅವಳು ಬರೆದದ್ದು ತೀರಿಹೋದ ತನ್ನ ಅಕ್ಕನ ಕತೆ. ಬೇಸಿಗೆಯಲ್ಲಿ ಬರೆದು ಮುಗಿಸಿದ್ದಳು. ಮಳೆಗಾಲವೆಲ್ಲ ತಿದ್ದಿದ್ದಳು. ಇನ್ನೂ ತಿದ್ದುತ್ತಲೇ ಇದ್ದಳು.

ತಿರುಮಲಯ್ಯನವರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಊರಿನಲ್ಲಿ ಬರೆಯುವ ಹುಚ್ಚು ಹಿಡಿದವರೆಲ್ಲ ಅವರ ಜಗಲಿಗೇ ಬರುತ್ತಿದ್ದರು. ಬಂದವರಿಗೆ ಅವರು ಮೊದಲು ಬೈಯುತ್ತಿದ್ದರು, ಆಮೇಲೆ ಕಾಫಿ ಕೊಡಿಸುತ್ತಿದ್ದರು.

"ಎಷ್ಟು ಸಲ ಅಂದರೆ? ಇದೇನು ಪ್ರದಕ್ಷಿಣೆಯೇನಮ್ಮಾ, ಎಣಿಸಿಕೊಂಡು ಹಾಕುವುದಕ್ಕೆ?" ಎಂದರು. "ಇಲ್ಲಿಗೆ ಬರುವವರಲ್ಲಿ ಎರಡು ಬಗೆ. ಶಾಯಿ ಆರುವ ಮುಂಚೆ ಅಂಚೆಗೆ ಹಾಕಿ, ಬಹುಮಾನ ಬರಲಿಲ್ಲವೆಂದು ತೀರ್ಪುಗಾರರಿಗೆ ಶಾಪ ಹಾಕುವ ಪುಣ್ಯಾತ್ಮರು ಒಂದು ಕಡೆ. ಅವರನ್ನು ಬೈದು ಕಳಿಸುತ್ತೇನೆ, ಅಲ್ಲಿಗೆ ಮುಗಿಯಿತು. ನಿನ್ನಂಥವರು ಇನ್ನೊಂದು ಕಡೆ. ನಿಮಗೆ ಕತೆ ಹೇಳಬೇಕಾಗುತ್ತದೆ, ನನ್ನ ಗ್ರಹಚಾರ. ಏನನ್ನು ತಿದ್ದುತ್ತಿದ್ದೀಯೆ, ಅದನ್ನು ಹೇಳು ಮೊದಲು."

"ಹಿಂದೆ ಗೆದ್ದ ಕತೆಗಳನ್ನೆಲ್ಲ ಓದಿದೆ, ಗುರುಗಳೇ. ಒಂದರಲ್ಲೂ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ನನ್ನ ಕತೆಯೂ ಹಾಗೇ ಆಗಬೇಕು. ಬಹುಮಾನದ ದುಡ್ಡು ಯಾರಿಗೆ ಬೇಕು? ಅಕ್ಕ ಹತ್ತು ಜನರ ಕಣ್ಣಿಗೆ ಬೀಳಬೇಕು, ಅಷ್ಟೇ ನನ್ನ ಆಸೆ. ಗೆದ್ದರೆ ತಾನೆ ಹತ್ತು ಜನ ಓದುವುದು?"

ಈ ಮಾತು ಕೇಳಿ ತಿರುಮಲಯ್ಯನವರ ಬಿರುಸು ಸ್ವಲ್ಪ ತಗ್ಗಿತು. "ಹಾಗೋ ಸಮಾಚಾರ" ಎಂದರು. "ಸರಿ, ಕೇಳು. ನಡುವೆ ಬಾಯಿ ಹಾಕಬೇಡ." ಹೀಗೆಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನು ಮಡಕೆ ಮಾಡುತ್ತಿರಲಿಲ್ಲ, ಗೌರಿ ಮಾಡುತ್ತಿದ್ದ. ಗೌರಿ ಹಬ್ಬ ಬಂತೆಂದರೆ ಆ ಊರಿನ ಕುಂಬಾರರೆಲ್ಲ ತಮ್ಮ ತಮ್ಮ ಗೌರಿಯನ್ನು ಅರಮನೆಗೆ ಒಯ್ಯುವರು. ಅರಮನೆಯವರು ಅದರಲ್ಲಿ ಒಬ್ಬಳನ್ನು ಆರಿಸಿ ಹಜಾರದಲ್ಲಿ ಕೂರಿಸುವರು. ಊರಿಗೆ ಊರೇ ಬಂದು ನೋಡುವುದು. ಮಿಕ್ಕ ಗೌರಿಯರು ಯಾವುದೋ ಮನೆಯ ಮೂಲೆ ಸೇರುವರು, ಆ ಮನೆಯವರು ಬಿಟ್ಟರೆ ಅವರನ್ನು ನೋಡುವವರಿಲ್ಲ.

ಆರಿಸುವುದಕ್ಕೆ ಒಬ್ಬ ಪರೀಕ್ಷಕನಿದ್ದ. ಅವನ ಕೈಯಲ್ಲಿ ಒಂದು ನೂಲು. ಗೌರಿಯ ಬೈತಲೆಯಿಂದ ಗಲ್ಲದವರೆಗೆ ಅದನ್ನು ಇಳಿಬಿಡುವನು. ನೂಲಿನ ಈಚೆಗೆ ಎಷ್ಟಿದೆಯೋ ಆಚೆಗೂ ಅಷ್ಟೇ ಇರಬೇಕು. ಹುಬ್ಬು, ಕೆನ್ನೆ, ತುಟಿ, ಯಾವುದೂ ಎಳ್ಳುಕಾಳಿನಷ್ಟು ಆಚೀಚೆಯಾಗಬಾರದು. ಆಯಿತೋ, ತೆಗೆದುಕೊಂಡು ಹೋಗಪ್ಪ ನಿನ್ನ ಗೌರಿಯನ್ನು! ದೇವರ ಮುಖ ಸೊಟ್ಟಗಿರಬಾರದಲ್ಲ, ಅದಕ್ಕೆ. ಕುಂಬಾರರೂ ನೂಲು ಹಿಡಿದೇ ಕೆಲಸ ಕಲಿತವರು. ನಮ್ಮ ಕುಂಬಾರನಂತೂ ಅದರಲ್ಲಿ ಎತ್ತಿದ ಕೈ.

ಅವನಿಗೆ ಒಬ್ಬಳೇ ಮಗಳು. ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬಕ್ಕೆ ಅವಳು ತವರಿಗೆ ಬರಬೇಕಾಗಿತ್ತು. ತಾಯಿ ಹೊಸ ಬಳೆ, ಹೊಸ ಸೀರೆ, ಬಾಗಿನದ ಮೊರ, ಎಲ್ಲವನ್ನೂ ತಂದಿಟ್ಟಿದ್ದಳು. ಅಷ್ಟರಲ್ಲಿ ಹುಡುಗಿಗೆ ಜ್ವರ ಬಂತು. ಹೊಳೆ ತುಂಬಿ ದೋಣಿ ನಿಂತಿತ್ತು. ನೀರು ಇಳಿದು ಇವರು ಆಚೆ ದಡ ಮುಟ್ಟುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಆಗಿತ್ತು. ಮುಖ ನೋಡುವುದಕ್ಕೂ ಸಿಗಲಿಲ್ಲ. ಅಯ್ಯೋ, ಆ ಸಂಕಟ ಹಗೆಗೂ ಬೇಡಮ್ಮ.

ಆ ವರ್ಷ ಅವನು ಗೌರಿ ಮಾಡಲಿಲ್ಲ. ಮರುವರ್ಷವೂ ಮಾಡಲಿಲ್ಲ. ಅದರಾಚೆಯ ವರ್ಷ ಕೆರೆಯ ಮಣ್ಣು ತಂದು ನೆನೆಹಾಕಿದ. ಅವನಿಗೆ ಇದ್ದದ್ದು ಒಂದೇ ಆಸೆ. ಬಾರದೆ ಹೋದ ಮಗಳು ಒಂದು ಸಲ ಹಬ್ಬಕ್ಕೆ ಬರಬೇಕು. ಗೌರಿಯ ಮುಖದಲ್ಲಿ ಅವಳನ್ನು ಕಂಡು ಊರವರು, "ಅಗೋ, ಕುಂಬಾರನ ಮಗಳು ಬಂದಿದ್ದಾಳೆ" ಅನ್ನಬೇಕು. ಇನ್ನೇನೂ ಬೇಡ.

ಮಣ್ಣು ಹದವಾಯಿತು. ಕೂತು ಕೈಯಿಟ್ಟ. ಮುಖ ಒಂದೇ ಸಲಕ್ಕೆ ಬಂದುಬಿಟ್ಟಿತು. ನೂಲಿಲ್ಲ, ಅಳತೆಯಿಲ್ಲ. ಆ ಹುಡುಗಿ ನಗು ತಡೆದುಕೊಳ್ಳುವಾಗ ಅವಳ ಬಾಯಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಅಪ್ಪ ಬೈಯುತ್ತಿದ್ದರೆ ಬಾಗಿಲಲ್ಲಿ ನಿಂತು ಹಾಗೇ ನಗು ತಡೆಯುವಳು. ಬೈಯುವವನಿಗೇ ನಗು ಬಂದು, ಬೈಗುಳ ಅರ್ಧಕ್ಕೇ ನಿಲ್ಲುವುದು. ಮಣ್ಣಿನಲ್ಲಿ ಆ ಬಾಯೇ ಬಂದು ಕೂತಿತ್ತು. ಸಂಜೆ ಮಜ್ಜಿಗೆ ತಂದ ಹೆಂಡತಿ ಹೊಸ್ತಿಲ ಮೇಲೇ ನಿಂತಳು.

"ಯಾವಾಗ ಬಂದ್ಯೇ, ನನ್ನ ಕಂದಾ?" ಎಂದುಬಿಟ್ಟಳು.

ಅಂದ ಮೇಲೆ ಅದು ಮಣ್ಣೆಂದು ಅವಳಿಗೆ ನೆನಪಾಯಿತು. ಕುಸಿದು ಕೂತು ಅತ್ತಳು. ಅವನೂ ಅತ್ತ. ಅತ್ತು ಮುಗಿದ ಮೇಲೆ, ಎಷ್ಟೋ ಕಾಲಕ್ಕೆ, ಇಬ್ಬರೂ ಹೊಟ್ಟೆ ತುಂಬ ಉಂಡರು.

ಮಾರನೆಯ ದಿನದಿಂದ ಅವನು ತಿದ್ದಲು ಕೂತ. ತಿದ್ದಬೇಕಾದದ್ದು ಬೇಕಾದಷ್ಟಿತ್ತು, ಸುಳ್ಳೇಕೆ ಹೇಳಲಿ? ಮೊಣಕೈ ಒನಕೆಯ ಹಾಗಿತ್ತು, ಕೆತ್ತಿ ಸಣ್ಣ ಮಾಡಿದ. ಸೀರೆಯ ನೆರಿಗೆ ಮುದ್ದೆಯಾಗಿತ್ತು, ಒಂದೊಂದಾಗಿ ಬಿಡಿಸಿದ. ಕೂತ ಭಂಗಿ ಮುಂದಕ್ಕೆ ವಾಲಿತ್ತು, ನೆಟ್ಟಗೆ ಮಾಡಿದ. ಇದೆಲ್ಲ ಆದ ಮೇಲೆ ಮಗಳು ಇನ್ನಷ್ಟು ಹತ್ತಿರ ಬಂದು ಕೂತ ಹಾಗಾಯಿತು. ಮಣ್ಣು ಹಸಿಯಾಗಿರುವ ತನಕ ತಿದ್ದಬಹುದು, ಒಣಗಿದ ಮೇಲೆ ಬ್ರಹ್ಮ ಬಂದರೂ ಆಗದು. ಅವತ್ತೇ ಮಣ್ಣು ಆರದಂತೆ ಹೊದಿಸಿದ್ದ ಒದ್ದೆ ಬಟ್ಟೆ ತೆಗೆದು ನೆರಳಲ್ಲಿ ಒಣಗಲು ಬಿಟ್ಟಿದ್ದರೆ ಕೆಲಸ ಮುಗಿದಿತ್ತು.

ಆದರೆ ಅವನಿಗೆ ಅರಮನೆ ನೆನಪಾಯಿತು. ಅಲ್ಲಿ ಆರಿಸದಿದ್ದರೆ ಊರವರು ಮಗಳನ್ನು ನೋಡುವುದಾದರೂ ಹೇಗೆ? ಗೂಟಕ್ಕೆ ಹಾಕಿದ್ದ ನೂಲು ತೆಗೆದು ಬೈತಲೆಯಿಂದ ಇಳಿಬಿಟ್ಟ. ಬಾಯಿ ಎಳ್ಳುಕಾಳಿನಷ್ಟು ಪಕ್ಕಕ್ಕಿತ್ತು. ಇರಬೇಕಾದದ್ದೇ! ಆದರೆ ನೂಲಿಗೆ ಅದೆಲ್ಲ ಏನು ಗೊತ್ತು? "ಎಳ್ಳುಕಾಳಿನಷ್ಟು ತಾನೆ, ಅಷ್ಟಕ್ಕೆ ಮಗಳು ಎಲ್ಲಿಗೆ ಹೋಗುತ್ತಾಳೆ" ಅಂದುಕೊಂಡ. ಒದ್ದೆ ಬೆರಳಿನಿಂದ ಒಂದು ಸಲ ಸವರಿದ.

ಬಾಯಿ ನೆಟ್ಟಗಾಯಿತು. ಈಗ ಕೆನ್ನೆ ಹೊಂದಲಿಲ್ಲ. ಎಳೆದ ಬಾಯಿಯ ಕೆನ್ನೆ ನೆಟ್ಟಗಿನ ಬಾಯಿಗೆ ಹೇಗೆ ಹೊಂದೀತು? ಕೆನ್ನೆ ತಿದ್ದಿದ. ಕಣ್ಣಿನ ಕುಳಿ ಎದ್ದು ಕಂಡಿತು. ಅದನ್ನು ತುಂಬಿದ. ಆಮೇಲೆ ಹುಬ್ಬು, ಆಮೇಲೆ ಮೂಗಿನ ತುದಿ. ದಿನಾ ಸಂಜೆ ಒದ್ದೆ ಬಟ್ಟೆ ಹೊದಿಸುವನು, ದಿನಾ ಬೆಳಿಗ್ಗೆ ತೆಗೆದು ತಿದ್ದುವನು. ಪಕ್ಕದ ಮನೆಯ ಕುಂಬಾರ ಇಣುಕಿ ನೋಡಿ, "ಅಬ್ಬಾ, ಏನು ಕೈಯಯ್ಯಾ ನಿನ್ನದು" ಅಂದ. ಅದನ್ನು ಕೇಳಿ ಮತ್ತಷ್ಟು ತಿದ್ದಿದ.

ಇನ್ನೊಂದು ಮಾತೂ ಇದೆ. ಈ ತಿದ್ದುವುದು ಅವನಿಗೆ ಒಳಗೊಳಗೇ ಹಿತವಾಗಿತ್ತು. ಕಣ್ಣು ಬರೆದರೆ ಅವಳು ಗೌರಿಯಾದಳು. ಗೌರಿಯಾದರೆ ಪೂಜೆ, ಪೂಜೆಯಾದರೆ ಕೆರೆಗೆ ಬಿಡಬೇಕು. ತಿದ್ದುವಷ್ಟು ದಿನವೂ ಮಗಳು ಮನೆಯಲ್ಲೇ ಇದ್ದ ಹಾಗೆ. ಬಂದ ಮಗಳನ್ನು ಬೇಗ ಕಳಿಸಿಕೊಡಲು ಯಾವ ಅಪ್ಪನಿಗೆ ಮನಸ್ಸು ಬರುತ್ತದೆ, ನೀನೇ ಹೇಳು.

ಹಬ್ಬ ಹತ್ತಿರವಾಯಿತು. ನೂಲಿನ ಎರಡು ಕಡೆಯೂ ಒಂದೇ ಆಯಿತು. ಅವನು ಹೆಂಡತಿಯನ್ನು ಕರೆದ. ಅವಳು ಬಂದು ಬಹಳ ಹೊತ್ತು ನೋಡಿದಳು. "ಲಕ್ಷಣವಾಗಿದ್ದಾಳೆ" ಎಂದಳು. ಮದುವೆ ಮನೆಯಲ್ಲಿ ಯಾರದೋ ಮಗಳನ್ನು ಕಂಡು ಹೆಂಗಸರು ಅನ್ನುತ್ತಾರಲ್ಲ, ಹಾಗೆ.

ಅವನು ನೂಲು ಕೆಳಗಿಟ್ಟ. ಗೌರಿಯ ಎದುರು ಕೂತು ತಾನೂ ನೋಡಿದ. ಹೌದು, ಯಾರೋ ಕೂತಿದ್ದಳು. ಸರಿ, ಬಾಯಿಯನ್ನು ಮತ್ತೆ ಎಳ್ಳುಕಾಳಿನಷ್ಟು ಎಳೆದರಾಯಿತು, ಅದೇನು ಮಹಾ! ಬೆರಳು ಒದ್ದೆ ಮಾಡಿಕೊಂಡ. ಬೆರಳು ತುಟಿಯ ಮೇಲೆ ಹೋಗಿ ನಿಂತುಬಿಟ್ಟಿತು. ಎಡಕ್ಕೋ, ಬಲಕ್ಕೋ? ದಿನಾ ಈ ನೆಟ್ಟಗಿನ ಬಾಯನ್ನೇ ನೋಡಿ ನೋಡಿ ಆ ಬಾಯಿ ಅವನಿಗೆ ಮರೆತುಹೋಗಿತ್ತು.

"ಏನೇ, ಅವಳ ಬಾಯಿ ಯಾವ ಪಕ್ಕಕ್ಕೆ ಎಳೆಯುತ್ತಿತ್ತು?" ಎಂದು ಕೇಳಿದ.

ಹೆಂಡತಿ ಹೇಳಲು ಹೋದಳು. ಹೇಳಲಾಗಲಿಲ್ಲ. "ಎಡ ಬಲ ನೋಡಿದವಳಲ್ಲ ನಾನು. ಅವಳನ್ನು ನೋಡುತ್ತಿದ್ದೆ" ಎಂದಳು. "ಅವತ್ತು ನಿಮ್ಮ ಕೈಗೆ ಗೊತ್ತಿತ್ತಲ್ಲ! ಈಗ ನನ್ನನ್ನು ಯಾಕೆ ಕೇಳುತ್ತೀರಿ?"

ಎಡಕ್ಕೆ ಎಳೆದು ನೋಡಿದ, ಅವಳಲ್ಲ. ಬಲಕ್ಕೆ ಎಳೆದು ನೋಡಿದ, ಅವಳಲ್ಲ. ಅವಳೇ ಅಲ್ಲದ ಮುಖದಲ್ಲಿ ಅವಳ ಬಾಯಿ ಎಲ್ಲಿ ಕೂತೀತು? ಅರಮನೆಗೆ ಒಯ್ಯುವ ದಿನ ಬಂದೇಬಿಟ್ಟಿತು. ಬಾಯಿಯನ್ನು ಮತ್ತೆ ನೆಟ್ಟಗೆ ಮಾಡಿ, ಒಣಗಿಸಿ, ಬಣ್ಣ ಹಚ್ಚಿ, ಕಣ್ಣು ಬರೆದ.

ಗೆದ್ದ. ಗೆಲ್ಲದೆ ಏನು! ಪರೀಕ್ಷಕ ನೂಲು ಇಳಿಬಿಟ್ಟು ನೋಡಿ, ನೂಲನ್ನು ಪಕ್ಕಕ್ಕಿಟ್ಟು ಕೈಮುಗಿದ. ಕುಂಬಾರನಿಗೆ ಶಾಲು ಹೊದಿಸಿದರು. ಗೌರಿಯನ್ನು ಹಜಾರದಲ್ಲಿ ಕೂರಿಸಿದರು.

ಹಬ್ಬದ ದಿನ ಅವನು ಹಜಾರದ ಕಂಬಕ್ಕೆ ಒರಗಿ ನಿಂತ. ಗೌರಿಯ ಕಡೆ ನೋಡಲಿಲ್ಲ, ಬಂದವರ ಮುಖ ನೋಡಿದ. ಯಾರಾದರೂ ಒಬ್ಬರು ಅನ್ನಲಿ, ಒಬ್ಬರೇ ಒಬ್ಬರು. ತನಗೆ ಮರೆತಿದ್ದರೇನು, ಊರಿನಲ್ಲಿ ಯಾರಿಗಾದರೂ ನೆನಪಿರಬಾರದೇ ಎಂದು ಅವನ ಜೀವ ಹಂಬಲಿಸುತ್ತಿತ್ತು. ಬಂದವರು, "ಏನು ಕಳೆ!" ಅಂದರು. "ಒಂದು ಊನ ಹುಡುಕಿದರೂ ಸಿಗದು" ಅಂದರು. ಮಂಗಳಾರತಿ ತೆಗೆದುಕೊಂಡು ಮುಂದೆ ಹೋದರು.

ಮಧ್ಯಾಹ್ನ ಮಗಳ ಗೆಳತಿ ಬಂದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಈಗ ಅವಳ ಕಂಕುಳಲ್ಲಿ ಒಂದು ಕೂಸು. ಗೌರಿಗೆ ಅರಿಶಿನ ಕುಂಕುಮ ಏರಿಸಿ, ಕತ್ತೆತ್ತಿ ಮುಖ ನೋಡಿದಳು. ಕುಂಬಾರ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈಮುಗಿದು ಹೊರಟಳು. ಅವನಿಗೆ ತಡೆಯಲಾಗಲಿಲ್ಲ.

"ಮಗಾ, ಇನ್ನೊಂದು ಸಲ ನೋಡು. ಯಾರ ಹಾಗೆ ಕಾಣುತ್ತಾಳೆ?" ಎಂದ.

ಅವಳು ತಿರುಗಿ ನೋಡಿದಳು. "ಸಾಕ್ಷಾತ್ ದೇವರ ಹಾಗೇ ಕಾಣುತ್ತಾಳೆ, ಮಾವ" ಎಂದಳು. ಅವನಿಗೆ ಸಂತೋಷವಾಗಲಿ ಎಂದೇ ಹೇಳಿದಳು, ಪಾಪ.

ಹಬ್ಬ ಮುಗಿಯಿತು. ಗೌರಿಗೆ ಮಡಿಲಕ್ಕಿ ತುಂಬಿ ವಾದ್ಯದೊಡನೆ ಕೆರೆಗೆ ಒಯ್ದರು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಊರ ಹೆಂಗಸರು ಕಣ್ಣೊರೆಸಿಕೊಂಡರು. ಕುಂಬಾರ ದಡದಲ್ಲಿ ನಿಂತೇ ಇದ್ದ. ಅವನಿಗೆ ಅಳು ಬರಲಿಲ್ಲ. ನೀರಿಗೆ ಇಳಿಯುತ್ತಿದ್ದವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ತಿರುಮಲಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು. ಒಳಗಿನಿಂದ ಕಾಫಿ ಬಂತು. ಇಂದುಮತಿ ಲೋಟ ಮುಟ್ಟಲಿಲ್ಲ.

"ಹಾಗಾದರೆ ತಿದ್ದಲೇಬಾರದೇ, ಗುರುಗಳೇ?" ಎಂದಳು.

"ಎಲಾ ಇವಳ! ಮೊಣಕೈ ತಿದ್ದಿದ ಅಂತ ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ಲವೇ? ನೆರಿಗೆ ಬಿಡಿಸಿದ ಅಂದದ್ದು? ತಿದ್ದದ ಕತೆ ಬೇಯದ ಅನ್ನ ಕಣಮ್ಮ, ಬಡಿಸಿದವರಿಗೆ ಅವಮಾನ, ಉಂಡವರಿಗೆ ಹೊಟ್ಟೆನೋವು. ತಿದ್ದು. ಚೆನ್ನಾಗಿ ತಿದ್ದು. ಕಾಫಿ ಆರುತ್ತಿದೆ, ಮೊದಲು ಕುಡಿ."

ಅವಳಿಗೆ ಸ್ವಲ್ಪ ಧೈರ್ಯ ಬಂತು. ಚೀಲದಿಂದ ಹಾಳೆಗಳನ್ನು ತೆಗೆದಳು. ಹೊಸದಾಗಿ ಪ್ರತಿ ಮಾಡಿದ್ದಳು, ಒಂದು ಚಿತ್ತೂ ಇರಲಿಲ್ಲ. "ನೀವೇ ಒಂದು ಸಲ ಓದಿಬಿಡಿ, ಗುರುಗಳೇ. ಎಲ್ಲಾದರೂ ಊನವಿದ್ದರೆ ಹೇಳಿ. ಸರಿಮಾಡಿ ನಾಳೆಯೇ ಕಳಿಸುತ್ತೇನೆ" ಎಂದು ಎರಡು ಕೈಯಲ್ಲೂ ಹಿಡಿದು ಚಾಚಿದಳು.

ಅವರು ಹಾಳೆಗಳನ್ನು ಮುಟ್ಟಲಿಲ್ಲ. ಅವಳ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದರು:

"ಇದನ್ನು ನಿಮ್ಮಮ್ಮನ ಮುಂದೆ ಕೂತು ಓದಿದರೆ, ಯಾರ ಕತೆ ಅನ್ನುತ್ತಾರಮ್ಮಾ ಅವರು?"