ಬಾಯಲ್ಲಿ ಕೊಟ್ಟು ಕಳಿಸಿದ ಮಾತು

"ಗುರುಗಳೇ, ನಾವು ಗೆಲ್ಲಿಸಿದವರು ತಪ್ಪು ಮಾಡಿದರೆ ಅದರಲ್ಲಿ ನಮ್ಮ ಪಾಲೆಷ್ಟು?"

ಕಲ್ಲೇಶಿ ಈ ಪ್ರಶ್ನೆ ಕೇಳಿದ್ದು ನಿಂತುಕೊಂಡೇ. ಕೂರು ಎಂದರೂ ಕೂರಲಿಲ್ಲ. ಅವನು ಬೆವರು ಸುರಿಸಿ ಗೆಲ್ಲಿಸಿದ ಪುರಸಭೆಯ ಸದಸ್ಯರು ಬಸ್ ನಿಲ್ದಾಣದ ಬದಿಯ ತಳ್ಳುಗಾಡಿಯವರನ್ನೆಲ್ಲ ಎತ್ತಂಗಡಿ ಮಾಡಿಸಿದ್ದರು. ಆ ಜಾಗದಲ್ಲಿ ಹೊಸ ಮಳಿಗೆಗಳು ಎದ್ದಿದ್ದವು. ಅದರಲ್ಲೊಂದು ತನಗೂ ಬಂದಿದೆ ಎಂಬುದನ್ನು ಅವನು ಎಲ್ಲದರ ಕೊನೆಗೆ, ಹೇಳಿಯೂ ಹೇಳದ ಹಾಗೆ ಸೇರಿಸಿದ. ಮಳಿಗೆಯ ಬೀಗದ ಕೈ ಅವನ ಬೆರಳಲ್ಲಿ ಸುತ್ತುತ್ತಲೇ ಇತ್ತು.

ಗುರುಗಳಿಗೆ ಕತೆ ಎಂದರೆ ಊಟಕ್ಕಿಂತ ಮೇಲು. ಕಾಲು ಮಡಿಚಿ ಸರಿಯಾಗಿ ಕೂತು ಶುರುಮಾಡಿದರು.

ಅಮೆರಿಕ ದೇಶ ಇನ್ನೂ ಎಳೆಯದಾಗಿತ್ತು. ಇನ್ನೂರು ವರ್ಷದ ಹಿಂದಿನದು ಎಂದಿಟ್ಟುಕೊ. ಅಲ್ಲಿ ರಾಜನಿರಲಿಲ್ಲ, ಅಧ್ಯಕ್ಷನಿದ್ದ. ಅದುವರೆಗೆ ಆ ಕುರ್ಚಿಯಲ್ಲಿ ಕೂತವರು ಬಂಗಲೆಯಲ್ಲಿ ಬೆಳೆದವರು, ನಾಲ್ಕಕ್ಷರ ಹೆಚ್ಚು ಕಲಿತವರು. ಈ ಸಲ ಒಬ್ಬ ಹೊಸಬ ನಿಂತ. ಅವನ ಹೆಸರು ಬೇಡ. ಇದು ಕತೆ, ಇತಿಹಾಸದ ಪಾಠವಲ್ಲ. ಅವನು ಊರೂರಿನಲ್ಲಿ ಹೇಳಿದ್ದು ಒಂದೇ ಮಾತು. ನಾನೂ ನಿಮ್ಮ ಹಾಗೆ ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿದವನು, ನನ್ನನ್ನು ಕಳಿಸಿ, ಅಧ್ಯಕ್ಷರಿರುವ ಆ ದೊಡ್ಡ ಮನೆಯ ಬಾಗಿಲಿಗೆ ಅಗುಳಿಯೇ ಇಲ್ಲದ ಹಾಗೆ ಮಾಡುತ್ತೇನೆ. ಜನಕ್ಕೆ ಇನ್ನೇನು ಬೇಕು?

ಗಡಿಯ ಕಡೆಗೆ ಒಬ್ಬ ರೈತನಿದ್ದ. ಬಡವರಿಗೂ ಓಟು ಸಿಕ್ಕಿದ್ದು ಆಗಷ್ಟೇ. ಓಟು ಹಾಕಿ ಬಂದ ದಿನ ಅವನು ಹೆಂಡತಿಗೆ, ಇವತ್ತು ನಾನೂ ಒಬ್ಬ ಮನುಷ್ಯನಾದೆ ಎಂದನಂತೆ. ಹಾಗಾದರೆ ಇಷ್ಟು ದಿನ ಯಾರ ಜೊತೆ ಸಂಸಾರ ಮಾಡಿದೆ ಎಂದಳಂತೆ ಅವಳು.

ಅವನ ಹೊಲದ ಬೇಲಿಯಾಚೆ ಇನ್ನೊಬ್ಬನ ಹೊಲ. ಅವನು ಆ ನೆಲದ ಮೂಲದವ, ಬಿಳಿಯರು ಬರುವ ಮೊದಲೇ ಅಲ್ಲಿದ್ದ ಜನದವನು. ಅವನ ಅಜ್ಜನ ಅಜ್ಜನೂ ಉತ್ತದ್ದು ಅದೇ ಮಣ್ಣನ್ನು. ರೈತ ಮೊದಲು ಬಂದ ವರ್ಷ ಚಳಿಗೆ ಎಲ್ಲ ಹಾಳಾಗಿ ಮಕ್ಕಳು ಹಸಿದಾಗ ಬೇಲಿಯ ಮೇಲಿಂದ ಮೆಕ್ಕೆಜೋಳದ ಚೀಲ ದಾಟಿಸಿದವನು ಅವನೇ. ಅವನ ಪೀಚ್ ಮರದ ಕೊಂಬೆಗಳು ಈಚೆಗೆ ಬಾಗಿದ್ದವು. ಈಚೆ ಬಿದ್ದ ಹಣ್ಣು ಈಚೆಯವರದು ಎಂದು ಅವನೇ ಹೇಳಿದ್ದ.

ಹೊಸಬ ಗೆದ್ದ. ಗೆದ್ದ ಬೆನ್ನಿಗೇ ಒಂದು ಸುದ್ದಿ ಹಬ್ಬಿತು. ಮೂಲದವರನ್ನೆಲ್ಲ ನದಿಯಾಚೆಗೆ ಕಳಿಸುತ್ತಾರಂತೆ, ಅವರ ಹೊಲಗಳನ್ನು ಬಡವರಿಗೆ ಹಂಚುತ್ತಾರಂತೆ. ರೈತ ಪಟ್ಟದ ಸಮಾರಂಭ ನೋಡಲು ರಾಜಧಾನಿಗೆ ಹೊರಟಾಗ ನೆರೆಯವ ಬೇಲಿಯ ಬಳಿ ಕಾದಿದ್ದ.

"ನಿನಗೆ ಓಟಿದೆ, ನನಗಿಲ್ಲ. ನನ್ನದೊಂದು ಮಾತನ್ನು ನಿನ್ನ ಬಾಯಲ್ಲಿ ಕೊಟ್ಟು ಕಳಿಸುತ್ತೇನೆ, ಅಧ್ಯಕ್ಷರಿಗೆ ತಲುಪಿಸು."

"ಅಷ್ಟೇ ತಾನೇ? ಅವರೇನು ಪರಕೀಯರೇ, ನಮ್ಮವರು," ಎಂದ ರೈತ.

ದಾರಿಯುದ್ದಕ್ಕೂ ಅವನು ಅದನ್ನೇ ಹೇಳಿಕೊಂಡು ನಡೆದ. ನನ್ನ ಪಕ್ಕದ ಹೊಲದವನನ್ನು ಒಕ್ಕಲೆಬ್ಬಿಸಬೇಡಿ. ಅಂಗಡಿಗೆ ಹೊರಟ ಮಗು ತರಬೇಕಾದ ಸಾಮಾನಿನ ಹೆಸರು ಹೇಳಿಕೊಂಡು ಓಡುತ್ತದಲ್ಲ, ಹಾಗೆ. ಹೊಳೆ ದಾಟುವಾಗ ಕಾಲು ಜಾರಿ ಮುಳುಗೆದ್ದವನು ಮೊದಲು ನೋಡಿಕೊಂಡದ್ದು ಮಾತು ಇದೆಯೇ ಎಂದು. ಇತ್ತು.

ರಾಜಧಾನಿಯಲ್ಲಿ ನುಡಿದಂತೆ ನಡೆಯಿತು ನೋಡು. ದೊಡ್ಡ ಮನೆಯ ಬಾಗಿಲು ಹಾರುಹೊಡೆದಿತ್ತು. ಜನವೋ ಜನ. ಕೆಸರು ಬೂಟಿನಲ್ಲಿ ರೇಷ್ಮೆ ಕುರ್ಚಿಗಳ ಮೇಲೆ ಹತ್ತಿ ನಿಂತವರೆಷ್ಟೋ. ಪಿಂಗಾಣಿ ಚೂರಾಯಿತು, ಪರದೆ ಹರಿಯಿತು. ಯಾರೂ ಬೇಡ ಎನ್ನಲಿಲ್ಲ. ಇದು ನಮ್ಮ ಮನೆ ಎಂದು ರೈತನಿಗೂ ಅನ್ನಿಸಿ ಕಣ್ಣು ತುಂಬಿತು. ಪಕ್ಕದಲ್ಲಿದ್ದವರು ತಮ್ಮ ತಮ್ಮ ಗಡಿಯ ಸುದ್ದಿ ಮಾತಾಡುತ್ತಿದ್ದರು. ಯಾವ ಹೊಲದಲ್ಲಿ ನೀರಿದೆ, ಯಾವುದರಲ್ಲಿ ಕಲ್ಲು ಹೆಚ್ಚು. ಒಬ್ಬನಂತೂ, ಆ ಮೂಲದವರ ಪರ ಬಾಯಿ ಬಿಡುವವರೂ ನಮ್ಮಲ್ಲಿದ್ದಾರಂತೆ, ಎಂಥವರೋ ಎಂದು ನಕ್ಕ. ರೈತನೂ ನಕ್ಕ. ಯಾಕೆ ನಕ್ಕೆ ಎಂದು ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷ ಎದುರಿಗೇ ಬಂದ. ರೈತನ ಕೈ ಹಿಡಿದ. ಹಿಡಿದ ಕೈಯೂ ಕೆಲಸ ಮಾಡಿದ ಕೈಯೇ, ಒರಟಾಗಿತ್ತು.

"ದೂರದಿಂದ ಬಂದ ಹಾಗಿದೆ. ಹೇಳಪ್ಪಾ, ಏನಾಗಬೇಕು?"

ಮಾತು ನಾಲಿಗೆಯ ಮೇಲೇ ಇತ್ತು. ನಕ್ಕವನು ಪಕ್ಕದಲ್ಲೇ ಇದ್ದ.

"ಏನೂ ಬೇಡ. ತಮ್ಮನ್ನು ನೋಡಿದ್ದೇ ಸಾಕು."

ಅಧ್ಯಕ್ಷ ಮುಂದಿನವನ ಕೈ ಹಿಡಿದ. ಆಮೇಲೆ ಯಾರೋ ಜಾಣ ಊಳಿಗದವರು ಮದ್ಯದ ಕೊಪ್ಪರಿಗೆಗಳನ್ನು ಹೊರಗೆ ಹುಲ್ಲಿನ ಮೇಲೆ ತಂದಿಟ್ಟರು. ಒಳಗಿದ್ದವರೆಲ್ಲ ಕಿಟಕಿ ಹಾರಿ ಓಡಿದರು. ರೈತನೂ ಓಡಿದ. ಒಂದು ಗುಟುಕು ಗಂಟಲಲ್ಲಿ ಇಳಿದಾಗ, ಹೇಳಿಬಿಡುತ್ತೇನೆ ಎಂದು ತಿರುಗಿ ನೋಡಿದ. ಬಾಗಿಲು ಮುಚ್ಚಿತ್ತು. ಅಗುಳಿ ಇತ್ತು, ಒಳಗಿನಿಂದ.

ಊರಿಗೆ ಬಂದಾಗ ನೆರೆಯವ ಬೇಲಿಯ ಬಳಿಯೇ ಇದ್ದ. ತಲುಪಿಸಿದೆಯಾ ಎಂದು ಕೇಳಿದ. ರೈತ ತನ್ನ ಬಲಗೈ ತೋರಿಸಿ, ಈ ಕೈಯನ್ನೇ ಹಿಡಿದು ಮಾತಾಡಿಸಿದರು ಎಂದ. ನೆರೆಯವ ಆ ಕೈಯನ್ನು ನೋಡಿದ.

"ನಾನು ಕೊಟ್ಟದ್ದು ಬಾಯಲ್ಲಿ," ಎಂದು ಒಳಗೆ ಹೋದ.

ಮುಂದಿನದು ಬೇಗ ಮುಗಿಯಿತು. ಹಣ್ಣು ಮಾಗುವ ಮೊದಲೇ ಸಿಪಾಯಿಗಳು ಬಂದರು. ನೆರೆಯವ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಡೆದ. ಹಿಂತಿರುಗಿ ನೋಡಲಿಲ್ಲ. ಅವನ ನಾಯಿ ಮಾತ್ರ ಬೇಲಿಯ ಎರಡೂ ಬದಿಗೆ ಓಡಾಡಿ ಎಲ್ಲೂ ನಿಲ್ಲದೆ ಹೋಯಿತು. ಆಮೇಲೆ ಹೊಲ ಹಂಚಲು ಚೀಟಿ ಎತ್ತಿದರು. ಒಂದು ಪೀಪಾಯಿಯಲ್ಲಿ ಹೆಸರು, ಇನ್ನೊಂದರಲ್ಲಿ ಹೊಲ. ರೈತನೂ ಹೆಸರು ಕೊಟ್ಟಿದ್ದ, ಎಲ್ಲರೂ ಕೊಟ್ಟಿದ್ದರು. ಅವನ ಹೆಸರಿನ ಜೊತೆಗೆ ಬಂದದ್ದು ಬೇರೆ ಯಾವುದೂ ಅಲ್ಲ, ಆ ಪೀಚ್ ಮರದ ಹೊಲವೇ.

ರೈತ ಅತ್ತ. ಅತ್ತದ್ದು ನಿಜ, ಸುಳ್ಳು ಹೇಳಬಾರದು. ಮತ್ತೆ ಉಳುಮೆಯ ಕಾಲ ಬಂದಾಗ ಎತ್ತು ತಿರುಗಿಸಲು ಅಡ್ಡವಾಗುತ್ತದೆಂದು ಬೇಲಿ ಕಿತ್ತ. ಹಣ್ಣು ಆಚೆ ಬಿದ್ದರೂ ಅವನದೇ, ಈಚೆ ಬಿದ್ದರೂ ಅವನದೇ. ಕೂತಲ್ಲಿ ಕೂರಲಾರದವನಾದ. ಸಂಜೆಯಾದರೆ ಬೇಲಿಯಿದ್ದ ಜಾಗದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಸಿಕ್ಕಿದವರಿಗೆಲ್ಲ ಒಂದೇ ಮಾತು. ನಾನು ಹೇಳುವವನೇ ಇದ್ದೆ, ಅವರು ಬಾಗಿಲು ಹಾಕಿಬಿಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಕಲ್ಲೇಶಿ ಈಗಲೂ ನಿಂತೇ ಇದ್ದ. ಬೀಗದ ಕೈ ಇನ್ನೂ ಸುತ್ತುತ್ತಿತ್ತು.

"ಪಾಪ, ಅವನಾದರೂ ಏನು ಮಾಡಬೇಕಿತ್ತು ಗುರುಗಳೇ? ಆ ಒಂದು ಮಾತಿಗಾಗಿ ಮತ್ತೆ ಅಷ್ಟು ದೂರ ನಡೆದು ಹೋಗಲಾಗುತ್ತಿತ್ತೇ?"

"ಆ ಹೊಲ ನನಗೆ ಬೇಡ ಎನ್ನುವುದಕ್ಕೆ ಅಷ್ಟು ದೂರ ಹೋಗಬೇಕಿರಲಿಲ್ಲ, ಕಲ್ಲೇಶಿ."

ಬೀಗದ ಕೈ ಸುತ್ತುವುದು ನಿಂತಿತು.