ಹನ್ನೊಂದನೇ ರೂಮಿನ ಬಕೆಟ್ಟು

"ಅಣ್ಣಾ, ಮಂದಹಾಸ ಲಾಡ್ಜ್ ಎಲ್ಲಿ ಬರುತ್ತೆ?"

ಪಂಕಜಾಕ್ಷಿ ಇದನ್ನು ಕೇಳುತ್ತಿದ್ದದ್ದು ನಾಲ್ಕನೇ ಸಲ. ಹಿಂದಿನ ಮೂವರು ಮೂರು ದಿಕ್ಕಿಗೆ ಕೈ ತೋರಿಸಿದ್ದರು. ಹೊಳೆದಂಡೆಯ ಕೆಸರು ಓಣಿಗಳಲ್ಲಿ ಸುತ್ತಿ ಸುತ್ತಿ ಅವಳ ಸೀರೆಯಂಚಿಗೆ ಬಣ್ಣವೇ ಉಳಿದಿರಲಿಲ್ಲ.

ಕಡ್ಲೆಪುರಿ ಮಾರುವವನು ಪೊಟ್ಟಣ ಕಟ್ಟುತ್ತಲೇ ಹೇಳಿದ: "ನೀವು ಒರಗಿಕೊಂಡು ನಿಂತಿದ್ದೀರಲ್ಲ ತಾಯಿ, ಅದೇ ಗೋಡೆ."

ಹಿಂದೆ ನಿಂತಿದ್ದ ಪುಟ್ಟತಾಯಮ್ಮ ಬಾಯಿ ತುಂಬ ನಕ್ಕರು. ಪಂಕಜಾಕ್ಷಿಯ ಗುರು ಅವರು. ಎಪ್ಪತ್ತು ದಾಟಿದ ಜೀವ, ಹೆಗಲಿಗೊಂದು ಬಟ್ಟೆಯ ಚೀಲ.

ಮರುದಿನ ಬೆಳಿಗ್ಗೆ ಏಳರ ದೋಣಿಗೆ ಇಬ್ಬರೂ ಹೊಳೆ ದಾಟಬೇಕಿತ್ತು. ಆಚೆ ದಡದ ಆಶ್ರಮದಲ್ಲಿ ಒಂಬತ್ತಕ್ಕೆ ಮುಹೂರ್ತ, ಪಂಕಜಾಕ್ಷಿಗೆ ದೀಕ್ಷೆ. ಅದಕ್ಕಾಗಿ ಅವಳು ಆರು ವರ್ಷ ಕಾದಿದ್ದಳು. ಅದಕ್ಕೂ ಮೊದಲು ಮೂರು ಆಶ್ರಮಗಳನ್ನು ಬಿಟ್ಟು ಬಂದಿದ್ದಳು. ಒಂದರಲ್ಲಿ ಸಾರು ತೀರಾ ನೀರು. ಇನ್ನೊಂದರಲ್ಲಿ ಸೊಳ್ಳೆ. ಮೂರನೆಯದರಲ್ಲಿ ಗುರುಗಳ ಗೊರಕೆ.

ಲಾಡ್ಜಿನ ಒಡತಿ ಭಾಗೀರಥಮ್ಮ ಕುರ್ಚಿಯಿಂದ ಏಳದೆಯೇ ಬೀಗದ ಕೈ ಕೊಟ್ಟಳು.

"ರೂಮು ಮಾಳಿಗೆ ಮೇಲೆ. ನಲ್ಲೀಲಿ ನೀರು ಬೆಳಿಗ್ಗೆ ಐದರಿಂದ ಆರು, ಆಮೇಲೆ ಕೇಳಬೇಡಿ. ಕೆಲಸದವಳು ಬಿಟ್ಟು ಹೋದಳು. ನನ್ನ ಮಂಡಿ ಕಥೆ ನೋಡ್ತಿದ್ದೀರಲ್ಲ, ಆ ಮೆಟ್ಟಿಲು ಹತ್ತಿ ತಿಂಗಳಾಯ್ತು. ಹ್ಯಾಗೋ ಸುಧಾರಿಸಿಕೊಳ್ಳಿ."

ಹನ್ನೊಂದನೇ ರೂಮಿನ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು. ದಿಂಬಿನಲ್ಲಿ ಅದುವರೆಗೆ ಮಲಗಿ ಎದ್ದವರೆಲ್ಲರ ತಲೆಯೆಣ್ಣೆ.

ಬಚ್ಚಲಲ್ಲಿ ಮಾತ್ರ ಒಂದು ಬಕೆಟ್ಟು ತುಂಬ ನೀರಿತ್ತು. ಧೂಳು ಬೀಳದ ಹಾಗೆ ಮೇಲೆ ಮಡಿಸಿದ ಪೇಪರು ಮುಚ್ಚಿತ್ತು.

ಪುಟ್ಟತಾಯಮ್ಮ ಒಂದು ಮಗ್ಗಿನಲ್ಲಿ ಕೈಕಾಲು, ಮುಖ ಎಲ್ಲ ಮುಗಿಸಿದರು. ಪಂಕಜಾಕ್ಷಿ ಪೇಪರನ್ನು ಮೂಲೆಗೆಸೆದು ಕಾಲು ತೊಳೆದಳು, ಸೀರೆಯಂಚು ತೊಳೆದಳು, ಮತ್ತೆ ಕಾಲು ತೊಳೆದಳು. ಬಕೆಟ್ಟು ಬರಿದಾಯಿತು.

ಆಮೇಲೆ ಚೀಲದಿಂದ ಒಂದು ದೊಡ್ಡ ಹಾಳೆ ತೆಗೆದು ಬರೆಯಲು ಕುಳಿತಳು.

"ಏನೇ ಅದು?"

"ದೂರು ಅಮ್ಮ. ಬೆಳಿಗ್ಗೆ ಆಯಮ್ಮನ ಕೈಗೆ ಕೊಟ್ಟೇ ಹೋಗೋದು."

"ಎಷ್ಟಾಯ್ತು?"

"ಹದಿನಾಲ್ಕು."

"ನನ್ನ ಗೊರಕೆ ಸೇರಿಸಿದೆಯಾ?"

"ನೀವೆಲ್ಲಿ ಗೊರಕೆ ಹೊಡೀತೀರಮ್ಮ!"

"ಹೊಡೀತೀನಿ. ಆರು ವರ್ಷದಿಂದ ನೀನು ನನಗಿಂತ ಮೊದಲು ನಿದ್ದೆ ಹೋಗ್ತಿದ್ದೀಯ, ಅದಕ್ಕೇ ಇನ್ನೂ ಉಳಿದುಕೊಂಡಿದ್ದೀಯ."

ಬೆಳಿಗ್ಗೆ ಐದಕ್ಕೆ ನಲ್ಲಿ ಕೆಮ್ಮಿತು, ನೀರು ಬಂತು. ಇಬ್ಬರದೂ ಸ್ನಾನವಾಯಿತು. ದೀಕ್ಷೆಯ ದಿನವಲ್ಲವೇ, ಪಂಕಜಾಕ್ಷಿ ಕೊನೆಯ ಮಗ್ಗಿನವರೆಗೂ ಸುರಿದು ಚಪ್ಪಲಿಯನ್ನೂ ಉಜ್ಜಿ ತೊಳೆದಳು. ಕೆಳಗಿಳಿದರೆ ಭಾಗೀರಥಮ್ಮ ಇನ್ನೂ ಎದ್ದಿರಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟರು. ದೂರಿನ ಹಾಳೆ ಚೀಲದಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಪಂಕಜಾಕ್ಷಿ ಅದನ್ನು ಬಾಯಿಪಾಠ ಒಪ್ಪಿಸಿದಳು. ಸ್ನಾನಘಟ್ಟದ ಮೆಟ್ಟಿಲಲ್ಲಿ ಪುಟ್ಟತಾಯಮ್ಮ ಕೇಳಿದರು: "ಅಲ್ಲಿ ಒಂದಾದರೂ ಚೆನ್ನಾಗಿತ್ತೇನೇ?"

ಅವಳು ಯೋಚಿಸಿದಳು. "ನೀರಿತ್ತು. ಅಷ್ಟು ದೂರ ಅಲೆದು ಬಂದಿದ್ದಕ್ಕೆ ಬಕೆಟ್ಟು ತುಂಬ ನೀರಿತ್ತು, ಅದೊಂದು ಪುಣ್ಯ."

"ತುಂಬಿಸಿದ್ದು ಯಾರು?"

"ಲಾಡ್ಜಿನವರು."

"ಯಾವ ಲಾಡ್ಜಿನವರು?"

ಪಂಕಜಾಕ್ಷಿ ಬಾಯಿ ತೆರೆದಳು. ಕೆಲಸದವಳಿಲ್ಲ. ಭಾಗೀರಥಮ್ಮ ಮೆಟ್ಟಿಲು ಹತ್ತುವುದಿಲ್ಲ. ನಲ್ಲಿ ಆರಕ್ಕೆ ನಿಲ್ಲುತ್ತದೆ. ನಿನ್ನೆ ಆ ರೂಮಿನಿಂದ ಎದ್ದು ಹೋದವರು ಯಾರೋ, ಹೋಗುವ ಮುಂಚೆ ಬಕೆಟ್ಟು ತುಂಬಿಸಿ, ಪೇಪರು ಮಡಿಸಿ ಮುಚ್ಚಿ ಹೋಗಿದ್ದರು.



"ನಿಮಗೆ ಗೊತ್ತಿತ್ತು! ನಲ್ಲೀಲಿ ನೀರು ಬರ್ತಿದ್ದಾಗಲೇ ಹೇಳಬಾರದಿತ್ತೇ?"

"ನೀನು ಬೈಯೋದರಲ್ಲಿದ್ದೆ. ಎಲ್ಲಿ ಬಾಯಿ ಹಾಕಲಿ?"

ದೋಣಿಯವನು ಹಗ್ಗಕ್ಕೆ ಕೈ ಹಾಕಿ ಕೂಗಿದ: "ಹತ್ತೋರು ಹತ್ತಿ. ಇದು ಬಿಟ್ಟರೆ ಮಧ್ಯಾಹ್ನ ಮೂರಕ್ಕೇ."

ಈ ಮುಹೂರ್ತ ತಪ್ಪಿದರೆ ಮುಂದಿನದು ಕಾರ್ತಿಕಕ್ಕೆ. ಪಂಕಜಾಕ್ಷಿ ಹಲಗೆಯ ಮೇಲೆ ಒಂದು ಕಾಲಿಟ್ಟಳು. ಫಳಫಳ ಹೊಳೆಯುತ್ತಿದ್ದ ಚಪ್ಪಲಿ ಕಣ್ಣಿಗೆ ಬಿತ್ತು.

ಕಾಲು ಹಿಂದೆಗೆದಳು.

"ನೀವು ಹೋಗಿ ಅಮ್ಮ."

"ನೀನಿಲ್ಲದೆ ಅಲ್ಲಿ ನನಗೇನು ಕೆಲಸ?" ಎಂದು ಪುಟ್ಟತಾಯಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತರು.

ಪಂಕಜಾಕ್ಷಿ ಲಾಡ್ಜಿಗೆ ಮರಳಿದಾಗ ಭಾಗೀರಥಮ್ಮ ಎದ್ದಿದ್ದಳು. "ಏನು ಮರೆತು ಹೋದ್ರಿ?"

"ಬಕೆಟ್ಟು."

ನಲ್ಲಿ ನಿಂತಿತ್ತು. ಓಣಿಯ ತುದಿಯ ಕೈಪಂಪಿನ ತನಕ ಬಕೆಟ್ಟು ಹೊತ್ತು ಹೋದಳು. ಕಡ್ಲೆಪುರಿಯವನು ಗಾಡಿ ಜೋಡಿಸುತ್ತಿದ್ದ. "ಮತ್ತೆ ದಾರಿ ತಪ್ಪಿತಾ ತಾಯಿ?"

"ಇಲ್ಲಣ್ಣ. ಈ ಗೋಡೆ ಈಗ ಚೆನ್ನಾಗಿ ಗೊತ್ತು."

ಇಪ್ಪತ್ತೆರಡು ಮೆಟ್ಟಿಲು. ಮೇಲೆ ತಲುಪುವಷ್ಟರಲ್ಲಿ ಅರ್ಧ ನೀರು ಸೀರೆಯ ಪಾಲು. ಉಳಿದರ್ಧವನ್ನು ರೂಮಿನಲ್ಲಿದ್ದ ಖಾಲಿ ಬಿಂದಿಗೆಗೆ ಸುರಿದಿಟ್ಟು, ಇನ್ನೊಮ್ಮೆ ಇಳಿದು ಹತ್ತಿ, ಎರಡನ್ನೂ ಸೇರಿಸಿ ಬಕೆಟ್ಟನ್ನು ಅಂಚಿನವರೆಗೆ ತುಂಬಿಸಿದಳು.

ಮುಚ್ಚಬೇಕಲ್ಲ. ಮೂಲೆಯಲ್ಲಿದ್ದ ಪೇಪರು ನೆಂದು ಮುದ್ದೆಯಾಗಿತ್ತು. ಚೀಲದಲ್ಲಿದ್ದ ದೊಡ್ಡ ಹಾಳೆಯನ್ನು ತೆಗೆದು, ಬರೆದ ಮಗ್ಗುಲು ಒಳಗಾಗುವಂತೆ ಮಡಿಸಿ, ಬಕೆಟ್ಟಿನ ಮೇಲೆ ಹೊದಿಸಿದಳು.

ಸ್ನಾನಘಟ್ಟಕ್ಕೆ ಮರಳುವಾಗ ದೋಣಿ ಆಚೆ ದಡದಲ್ಲಿ ಚುಕ್ಕಿಯಾಗಿತ್ತು. ಪುಟ್ಟತಾಯಮ್ಮ ನಿನ್ನೆ ಕೊಂಡಿದ್ದ ಕಡ್ಲೆಪುರಿ ಪೊಟ್ಟಣ ಬಿಚ್ಚಿ ತಿನ್ನುತ್ತಿದ್ದರು.

ಅವಳು ಮುಹೂರ್ತದ ಮಾತೆತ್ತಲಿಲ್ಲ. ಪಕ್ಕದಲ್ಲಿ ಕುಳಿತು ಏದುಸಿರು ಬಿಟ್ಟಳು.

ಪುಟ್ಟತಾಯಮ್ಮ ಚೀಲದಿಂದ ಜಪಮಾಲೆ ತೆಗೆದು ಅವಳ ಒದ್ದೆ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಆಚೆ ದಡದಲ್ಲಿ ಹೇಳಬೇಕಿದ್ದುದನ್ನು ಈಚೆ ದಡದಲ್ಲೇ ಕಿವಿಯಲ್ಲಿ ಹೇಳಿದರು. ಮತ್ತೆ ಪೊಟ್ಟಣಕ್ಕೆ ಕೈ ಹಾಕಿದರು.

ಪಂಕಜಾಕ್ಷಿ ಕಣ್ಣೊರೆಸಿಕೊಂಡು ಕೇಳಿದಳು:

"ಅಮ್ಮ, ನೀರು ತುಂಬಿಸಿಟ್ಟವರು ಯಾರೋ, ಎಲ್ಲಿಗೆ ಹೋದರೋ. ನಾನು ಈ ಋಣ ತೀರಿಸಿದ್ದು ಯಾರಿಗೆ?"

"ಸಂಜೆ ಆ ಬಾಗಿಲು ತೆಗೆದು, ಮೂಗು ಮುರಿಯುತ್ತಾ ಕಾಲು ತೊಳೀತಾಳಲ್ಲ, ಅವಳಿಗೆ."