ಟೈರಿನಲ್ಲಿ ಬಂದ ಗುಂಗಮ್ಮ

ಕಾಲು ಮಡಚ್ಕೊಂಡು ಸೊಳ್ಳೆ ಪರದೆ ಒಳಗೆ ಬಾ, ಹೇಳ್ತೀನಿ. ಒಂದಾನೊಂದು ಕಾಲ ಅಂದ್ರೆ ಬಹಳ ಹಿಂದೇನಲ್ಲ, ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲದಲ್ಲಿ, ಗುಂಗಮ್ಮ ಅಂತ ಒಂದು ಸೊಳ್ಳೆ ಇದ್ಲಂತೆ. ಅವಳಮ್ಮ ದೂರದ ಪೇಟೆಯಲ್ಲಿ ಒಂದು ಹಳೇ ಟೈರಿನೊಳಗೆ ಮೊಟ್ಟೆ ಇಟ್ಟಿದ್ಲಂತೆ. ಆ ಟೈರು ಲಾರಿ ಹತ್ತಿ ನಮ್ಮೂರ ಪಂಕ್ಚರ್ ಅಂಗಡಿಗೆ ಬಂತು, ಆಮೇಲೆ ಮಳೆ ಬಂತು, ಒಣಗಿ ಅಂಟ್ಕೊಂಡಿದ್ದ ಅಷ್ಟೂ ಮೊಟ್ಟೆಗಳಲ್ಲಿ ಇವಳೊಬ್ಬಳೇ ಬದುಕಿ ಎದ್ದು ಬಂದ್ಲಂತೆ. ಅಮ್ಮ ಇಲ್ಲ, ಅಕ್ಕ ಇಲ್ಲ, ತಂಗಿ ಇಲ್ಲ.

ಅಂಗಡಿ ಹಿಂದಿನ ಕಲ್ಲಿನ ತೊಟ್ಟಿ ಊರ ಸೊಳ್ಳೆಗಳ ಮನೆ. ಅವುಗಳಲ್ಲಿ ಒಂದು ಪದ್ಧತಿ ಇದೆ, ಗಂಡು ಗುಂಯ್ ಅಂದಾಗ ಹೆಣ್ಣೂ ಗುಂಯ್ ಅನ್ನಬೇಕು, ಎರಡು ದನಿ ಕೂಡಿದ್ರೆ ಮದುವೆ. ಗುಂಗಮ್ಮ ದಿನಾ ಹಾಡೋಳು, ಯಾರೂ ದನಿ ಕೂಡಿಸ್ತಿರಲಿಲ್ಲವಂತೆ. ಅವಳ ಚರ್ಮ ದಪ್ಪ, ಹಾರೋದು ನಿಧಾನ. ಏನೇ ನೀನು ಎಮ್ಮೆ ವಂಶದವಳಾ ಅಂತ ತೊಟ್ಟಿಯ ಹಿರೀ ಸೊಳ್ಳೆ ದೊಡ್ಡವ್ವ ಕೇಳಿದ್ದಕ್ಕೆ ಎಲ್ಲಾ ನಕ್ಕರಂತೆ. ಪಾಪ, ಅವಳೇನು ಬೇಡಿ ಪಡೆದಿದ್ದಾ? ನಿಂಗೆ ನಿಮ್ಮಪ್ಪನ ಮೂಗು ಬಂದಿಲ್ವಾ, ಹಂಗೆ ಅವಳಿಗೆ ಅಮ್ಮನ ಚರ್ಮ ಬಂದಿತ್ತು.

ಆಮೇಲೆ ಊರಲ್ಲಿ ಜ್ವರ ಜಾಸ್ತಿ ಆಗಿ, ರೇವಣ್ಣ ಅನ್ನೋನು ಸೊಳ್ಳೆ ಔಷಧಿಯ ಹೊಗೆ ಮಷಿನ್ ಹೊತ್ಕೊಂಡು ಬಂದ. ಬುರ್ರ್ ಅಂತ ಹೊಗೆ ಬಿಟ್ಟ. ದೊಡ್ಡವ್ವ ಬಿದ್ಲು, ನಕ್ಕೋರೆಲ್ಲ ಬಿದ್ರು. ಗುಂಗಮ್ಮ ತಲೆ ತಿರುಗಿ ಗೋಡೆ ಹಿಡ್ಕೊಂಡ್ಲು, ಔಷಧಿ ಆ ದಪ್ಪ ಚರ್ಮ ದಾಟಿ ಒಳಗೆ ಇಳೀಲಿಲ್ಲ, ಹೊಗೆ ಸರೀತು, ನೋಡ್ತಾಳೆ, ಅವಳೊಬ್ಬಳೇ. ಬೈಯೋಕೂ ಯಾರಿಲ್ಲ. ಮೂರು ದಿನ ಹಂಗೇ ಕೂತಿದ್ಲಂತೆ, ಉಳಿದಿದ್ದೇ ತಪ್ಪಾಯ್ತೇನೋ ಅನ್ನಿಸ್ತಂತೆ.

ನಾಲ್ಕನೇ ದಿನ ತೊಟ್ಟಿ ನೀರಿಂದ ಸಣ್ಣಯ್ಯ ಅನ್ನೋ ಗಂಡು ಸೊಳ್ಳೆ ಎದ್ದು ಬಂದ. ಹೊಗೆ ಬಂದಾಗ ಇನ್ನೂ ನೀರೊಳಗೆ ಹುಳುವಾಗಿದ್ದ, ಅದಕ್ಕೇ ಉಳ್ಕೊಂಡಿದ್ದ. ಈರುಳ್ಳಿ ಸಿಪ್ಪೆಯಂಥ ತೆಳ್ಳನೆ ಮೈ. ದನಿ ಸಣ್ಣದು, ಕೊನೇಲಿ ಒಂಚೂರು ನಡುಗೋದು. ಅವನು ಗುಂಯ್ ಅಂದ, ಇವಳು ಹೆದರ್ತಾ ಗುಂಯ್ ಅಂದ್ಲು, ಎರಡೂ ಕೂಡ್ತು. ನನ್ನ ಚರ್ಮ ದಪ್ಪ ಕಣಯ್ಯ ಅಂದ್ಲಂತೆ. ನಾನು ದನಿ ಕೇಳಿ ಬಂದೋನು, ಚರ್ಮ ಯಾರು ಕೇಳಿದ್ರು ಅಂದನಂತೆ.

ಆಮೇಲೆ ಮೂರು ಮಕ್ಕಳಾದ್ರು. ಸೊಳ್ಳೆಗೆ ನೂರಾರು ಆಗ್ತವೆ, ಕತೆಗೆ ಮೂರು ಸಾಕು. ದೊಡ್ಡೋನಿಗೆ ಅಪ್ಪನ ಮೈ, ಅಪ್ಪನ ದನಿ. ನಡುವಿನವಳಿಗೆ ಅಮ್ಮನ ಮೈ, ಅಮ್ಮನ ದನಿ. ಕಿರಿಯವಳು ಹಾಡು ಕಲಿಯೋ ಮೊದಲೇ ಗಾಳಿಗೆ ಸಿಕ್ಕಿ ಎಲ್ಲೋ ಹೋಗಿಬಿಟ್ಲು.

ಎರಡನೇ ಸಲ ರೇವಣ್ಣ ಬಂದ. ಗುಂಗಮ್ಮ ರೆಕ್ಕೆ ಬಿಚ್ಚಿ ಗಂಡನ್ನೂ ದೊಡ್ಡ ಮಗನ್ನೂ ಮುಚ್ಕೊಂಡ್ಲಂತೆ. ಹೊಗೆಗೆ ರೆಕ್ಕೆ ಅಡ್ಡ ಆಗುತ್ತಾ? ಇಬ್ಬರೂ ಅವಳ ಕಣ್ಣೆದುರೇ ಹೋದ್ರು, ಅಮ್ಮನ ಚರ್ಮದ ನಡುವಿನವಳು ಮಾತ್ರ ಉಳಿದ್ಲು. ಕೊಡೋ ಹಂಗಿದ್ರೆ ಈ ಚರ್ಮ ಸುಲಿದು ಕೊಡ್ತಿದ್ದೆ ಅಂತ ಅತ್ಲಂತೆ.

ಆಮೇಲೆ ನಡುವಿನವಳಿಗೆ ಮಕ್ಕಳಾದ್ರು, ಆ ಮಕ್ಕಳಿಗೆ ಮಕ್ಕಳಾದ್ರು. ಮೂರನೇ ಸಲ ರೇವಣ್ಣ ಬಂದು ಹೊಗೆ ಬಿಟ್ರೆ ಒಂದೆರಡು ಬಿದ್ದವು, ಅಷ್ಟೇ. ಔಷಧಿನೇ ಸರಿಯಿಲ್ಲ ಅಂತ ಮಷಿನ್ ಅಲ್ಲಾಡಿಸಿ ನೋಡಿ ಹೋದನಂತೆ. ಔಷಧಿ ಸರಿಯಾಗೇ ಇತ್ತು, ಸೊಳ್ಳೆಗಳೇ ಬೇರೆಯವಾಗಿದ್ದವು.

ತೊಟ್ಟಿ ತುಂಬ ಮೊಮ್ಮಕ್ಕಳು, ಎಲ್ಲರದ್ದೂ ಗುಂಗಮ್ಮನದೇ ದನಿ. ಆದ್ರೂ ಅವಳು ಸಂಜೆಯಾದ್ರೆ ಒಂದು ಮೂಲೇಲಿ ಕಿವಿಗೊಟ್ಟು ಕೂರೋಳು. ಸಣ್ಣಯ್ಯನ ಆ ನಡುಗೋ ದನಿ ಒಬ್ಬರಲ್ಲೂ ಇಲ್ಲ.

ಒಂದಿನ ಪಕ್ಕದೂರಿಂದ ಎಳನೀರು ಗಾಡಿ ಬಂತು. ಬುರುಡೆ ರಾಶಿಯಿಂದ ಒಂದು ಸೊಳ್ಳೆ ಎದ್ದು ಗುಂಯ್ ಅಂತು, ಕೊನೇಲಿ ಒಂಚೂರು ನಡುಗ್ತು. ಗಾಳಿಗೆ ಹೋಗಿದ್ದ ಕಿರಿ ಮಗಳು! ಅವ್ವಾ, ಆ ಊರಲ್ಲೂ ಹೊಗೆ ಹಾಕಿದ್ರು, ಎಲ್ಲಾ ಹೋದ್ರು, ನಾನೂ ನನ್ನ ಮಕ್ಕಳೂ ಉಳಿದ್ವಿ, ಯಾಕವ್ವ ಅಂತ ಕೇಳಿದ್ಲಂತೆ. ಗುಂಗಮ್ಮ ಅವಳ ಮೈ ಮುಟ್ಟಿ ನೋಡಿದ್ಲು. ಚರ್ಮ ತನ್ನದು, ದನಿ ಸಣ್ಣಯ್ಯನದು. ಅದಿರಲಿ, ಇನ್ನೊಂದ್ಸಲ ಹಾಡೇ ಅಂದ್ಲಂತೆ.

ಅಲ್ಲಿಂದ ಅವರು ತೊಟ್ಟಿಯಲ್ಲಿ ಸುಖವಾಗಿದ್ರು, ನಾವು ಪರದೆಯೊಳಗೆ ಬಂದ್ವಿ. ನಾಳೆ ಎದ್ದು ತೊಟ್ಟಿ ನೀರು ಚೆಲ್ಲೋದೇ ಸೈ, ಕತೆ ಬೇರೆ, ಜ್ವರ ಬೇರೆ. ಈಗ ಕಣ್ಣು ಮುಚ್ಚಿ ಸುಮ್ನೆ ಕೇಳು, ಪರದೆ ಆಚೆ ಗುಂಯ್ ಅಂತಿದೆಯಲ್ಲ, ಕೊನೇಲಿ ನಡುಗುತ್ತಾ? ನಿದ್ದೆ ಬಂತಾ? ಹಂಗಾದ್ರೆ ಕತೆನೂ ಮುಗೀತು.